ಬರ್ತೀನಿ ಅಂದವರ ಗಾಳಿ

ಮಧ್ಯಾಹ್ನ ಮೂರೂವರೆಗೆ, ಹೊರಗೆ ನಲವತ್ತೊಂಬತ್ತು ಡಿಗ್ರಿ ಬಿಸಿಲು ಸುಡುತ್ತಿದ್ದಾಗ, ಶಹಾಬಾದಿನ ಹಳೆಯ ಕಲ್ಲುಗಣಿಯೊಳಗಿನ ಮೂವತ್ತೇಳನೆಯ ಮನೆಯಲ್ಲಿ 'ಟಕ್' ಎಂದು ಸಣ್ಣ ಸದ್ದಾಯಿತು. ಒಳಕೋಣೆಯ ಗೋಡೆಯ ಮೇಲ್ಭಾಗದಲ್ಲಿದ್ದ ಅಂಗೈಯಗಲದ ಗಾಳಿಬಾಗಿಲು ತೆರೆದುಕೊಂಡಿತು. ಇಪ್ಪತ್ತೊಂಬತ್ತು ಡಿಗ್ರಿಯ, ತಣ್ಣಗೂ ಅಲ್ಲದ ಬಿಸಿಯೂ ಅಲ್ಲದ ಗಾಳಿ ಮೆಲ್ಲಗೆ ಕೆಳಗಿಳಿಯಿತು. ಕೋಣೆಯಲ್ಲಿ ಯಾರೂ ಇರಲಿಲ್ಲ. ಒಂದು ಮಂಚ, ಅದರ ಮೇಲೆ ಮಡಿಸಿಟ್ಟ ಕೌದಿ, ಮೂಲೆಯಲ್ಲೊಂದು ಊರುಗೋಲು.

ಸದ್ದು ಕೇಳಿದ ಗುರುಬಾಯಿ ತೊಗರಿಬೇಳೆಯ ಮೊರ ಎತ್ತಿಕೊಂಡು ಬಂದು ಆ ಗಾಳಿಬಾಗಿಲಿನ ಕೆಳಗೆ ಕುಳಿತಳು. ದಿನಾ ಹೀಗೇ. ಐವತ್ತೆಂಟರ ಈ ಹೆಂಗಸು ಅಂಗಡಿಯವರಿಗೆ ಬೇಳೆ ಹಸನು ಮಾಡಿಕೊಡುತ್ತಿದ್ದಳು. ಮನೆಯಲ್ಲಿ ಅವಳೊಬ್ಬಳೇ. ಕಲ್ಲು ಆರಿಸುವಾಗ ಯಾರೊಡನೆಯೋ ಮಾತಾಡುವ ಅಭ್ಯಾಸ ಇನ್ನೂ ಬಿಟ್ಟಿರಲಿಲ್ಲ.

ಈ ಮನೆಗಳ ಬಗ್ಗೆ ನಾಲ್ಕು ಮಾತು ಹೇಳಬೇಕು. ಗಣಿಯಲ್ಲಿ ಕಲ್ಲು ಮುಗಿದ ಮೇಲೆ, ಬಿಸಿಲಿನ ಕಾಟ ತಡೆಯಲಾರದೆ, ಅದರ ತಳದಲ್ಲೇ ಅರವತ್ತನಾಲ್ಕು ಮನೆ ಕಟ್ಟಿದರು. ಗೋಡೆಗೆ ಎರಡು ಸಾಲು ಫರಸಿಕಲ್ಲು, ನಡುವೆ ತೊಗರಿ ಹೊಟ್ಟು. ಇರುವೆ ನುಸುಳುವಷ್ಟೂ ಸಂದಿಲ್ಲ. ಬಿಸಿ ಒಳಗೆ ಬರುವುದಿಲ್ಲ, ಸರಿ; ಆದರೆ ಗಾಳಿಯೂ ಬರುವುದಿಲ್ಲವಲ್ಲ. ಅದಕ್ಕೊಂದು ಯಂತ್ರ. ಮನೆಯ ಹಳೆಯ ಗಾಳಿ ಹೊರಹೋಗುವಾಗ, ಒಳಬರುವ ಹೊಸ ಗಾಳಿಯನ್ನು ತೆಳು ತಗಡಿನಾಚೆಯಿಂದ ಸವರಿ, ತನ್ನ ತಂಪನ್ನು ಅದಕ್ಕೆ ಒಪ್ಪಿಸಿ ಹೋಗುತ್ತದೆ. ಇನ್ನೂ ಬೇಕಾದ ತಂಪನ್ನು ಗಣಿಯ ನಡುವಿನ ತಂಪುಕೊಳದ ನೀರು ಕೊಡುತ್ತದೆ. ಇಷ್ಟಕ್ಕೂ ಒಂದು ಹಳೇ ಕಾಲದ ಬಲ್ಬಿಗೆ ಬೇಕಾಗುವಷ್ಟು ವಿದ್ಯುತ್ತು ಸಾಕು.

ತೊಂದರೆ ಒಂದೇ. ಕಡಿಮೆ ವಿದ್ಯುತ್ತಿನ ಕೆಲಸ ನಿಧಾನದ ಕೆಲಸ. ಒಂದು ಕೋಣೆ ಹದಕ್ಕೆ ಬರಲು ಮೂರು ಗಂಟೆ ಬೇಕು. ಹಾಗಾಗಿ ಮನೆಗೆ ಯಾರು ಬರುತ್ತಾರೆ, ಯಾವಾಗ ಬರುತ್ತಾರೆ ಎಂಬುದು ಮೊದಲೇ ತಿಳಿದಿರಬೇಕು. ಅದನ್ನು ತಿಳಿದುಕೊಳ್ಳುವ ಯಂತ್ರಕ್ಕೆ 'ಮುಂಗಾಳಿ' ಎಂದು ಹೆಸರಿಟ್ಟರು. ಅದು ಮನೆಯವರ ಮಾತು ಕೇಳಿಸಿಕೊಳ್ಳುತ್ತದೆ. ಧ್ವನಿಯನ್ನು ಉಳಿಸಿಕೊಳ್ಳುವುದಿಲ್ಲ, ಯಾರು ಹೋದರು, ಯಾರು ಬರುತ್ತಾರೆ ಎಂಬಷ್ಟನ್ನೇ ಗುರುತು ಹಾಕಿಕೊಂಡು, ಬರುವವರಿಗೆ ಅವರಿಗೆ ಹಿಡಿಸುವ ಹದದಲ್ಲಿ ಗಾಳಿ ಸಿದ್ಧಮಾಡಿಡುತ್ತದೆ. ಅತ್ತೆಮನೆಯಲ್ಲೂ ಸಿಗದ ಉಪಚಾರ ಎಂದು ಗಣಿಯ ಗಂಡಸರು ತಮಾಷೆ ಮಾಡುತ್ತಿದ್ದರು.

ಆ ದಿನ, ಗುರುವಾರ, ಬೆಳಗ್ಗೆ ಗುರುಬಾಯಿಗೆ ಒಂದು ನೋಟಿಸು ಬಂದಿತ್ತು. 'ದಾಖಲೆಯ ಪ್ರಕಾರ ನಿಮ್ಮ ಮನೆಯಲ್ಲಿ ಒಬ್ಬರಿದ್ದೀರಿ. ಗಾಳಿ ಇಬ್ಬರಿಗೆ ಹೋಗುತ್ತಿದೆ. ಸಾಲಿನ ಕೊನೆಯ ಮನೆಗೆ ತಂಪು ಮುಟ್ಟುತ್ತಿಲ್ಲ. ಎರಡನೆಯವರು ಯಾರೆಂದು ತಿಳಿಸದಿದ್ದರೆ ತಿಂಗಳ ಕೊನೆಗೆ ಒಳಕೋಣೆಗೆ ಬೀಗಮುದ್ರೆ ಹಾಕಲಾಗುವುದು.' ಗಣಿಯ ನಿವಾಸಿಗಳ ಸಂಘ ಬರೆದದ್ದು. ಓದಿದ ಗುರುಬಾಯಿಗೆ ಮೊದಲು ಸಿಟ್ಟು ಬಂತು, ಆಮೇಲೆ ಅಳು ಬಂತು. ಎರಡು ವರ್ಷದಿಂದ ಮಾತಿಗೊಬ್ಬರಿಲ್ಲದ ಮನೆಯಲ್ಲಿ ಯಾರನ್ನೋ ಬಚ್ಚಿಟ್ಟಿದ್ದಾಳೆ ಎನ್ನುತ್ತಾರಲ್ಲ.

ನಾಲ್ಕು ಗಂಟೆಗೆ ಬಾಗಿಲು ತಟ್ಟಿದವನು ಡಾಕ್ಟರ್ ಚೆಲುವರಾಜು. ಮಂಡ್ಯದ ಕಡೆಯವನು, ನಲವತ್ತಾರು ವರ್ಷ, ಮುಂಗಾಳಿ ಯಂತ್ರ ಮಾಡಿದ ಸಂಸ್ಥೆಯ ವಿಜ್ಞಾನಿ. ಮೂರು ತಿಂಗಳಿಂದ ಗಣಿಯ ಮೇಲಿನ ಅತಿಥಿಗೃಹದಲ್ಲಿ ಒಂದು ಕೋಣೆ ಹಿಡಿದು, ಒಬ್ಬನೇ ಉಂಡು ಒಬ್ಬನೇ ಮಲಗುತ್ತಿದ್ದ.

"ಬರ್ರಿ ಒಳಗ," ಎಂದಳು ಗುರುಬಾಯಿ. "ಮಂಚದ ಕೆಳಗ ನೋಡ್ರಿ ಮೊದಲ. ಯಾರರ ಅಡಗಿ ಕುಂತಿರಬೇಕು."

"ಹಾಗೆಲ್ಲ ಅನ್ಬೇಡಿಮ್ಮ. ನಾನು ಯಂತ್ರ ನೋಡೋಕೆ ಬಂದಿದ್ದು, ನಿಮ್ಮನ್ನಲ್ಲ."

ಅವನು ಒಳಕೋಣೆಯ ಮಂಚದ ಮೇಲೆ ಕುಳಿತು ಉಸಿರುಮಾಪಕ ಹಿಡಿದ. ಮನುಷ್ಯರಿರುವ ಕೋಣೆಯ ಗಾಳಿಯಲ್ಲಿ ಅವರು ಬಿಟ್ಟ ಉಸಿರಿನ ಗುರುತು ಇದ್ದೇ ಇರುತ್ತದೆ. ಇಲ್ಲಿದ್ದದ್ದು ಗುರುಬಾಯಿ ಆಗತಾನೆ ಬಿಟ್ಟದ್ದು ಮತ್ತು ಅವನದೇ. ಬೇರೆ ಯಾರೂ ಇಲ್ಲ. ಗೋಡೆಯ ಮುಚ್ಚಳ ತೆಗೆದು ಯಂತ್ರದ ಗುರುತುಪಟ್ಟಿ ಓದತೊಡಗಿದವನು ಒಂದು ಕಡೆ ನಿಂತುಬಿಟ್ಟ.

"ಅಮ್ಮ, ಕಾಶೀಬಾಯಿ ಅಂದ್ರೆ ಯಾರು?"

ಗುರುಬಾಯಿಯ ಕೈಯಲ್ಲಿದ್ದ ಮೊರ ನಿಂತಿತು. "ನಮ್ಮಕ್ಕ. ಅಂದ್ರ ಒಡಹುಟ್ಟಿದಾಕಿ ಅಲ್ರಿ. ಅಣ್ಣ ತಮ್ಮ ಇಬ್ಬರನ್ನ ನಾವಿಬ್ಬರು ಲಗ್ನ ಆಗಿದ್ವಿ. ಆಕಿ ದೊಡ್ಡಾಕಿ, ನಾ ಸಣ್ಣಾಕಿ. ಅವ್ರಿಬ್ಬರೂ ಹಿಂದುಮುಂದು ಹೋಗಿಬಿಟ್ರು. ಹನ್ನೊಂದು ವರ್ಷ ನಾವಿಬ್ರೇ ಇದ್ವಿ ಇಲ್ಲಿ. ಯಾಕ್ರಿ?"

"ಈ ಮನೆ ಅವರಿಗೋಸ್ಕರ ಕಾಯ್ತಾ ಇದೆ."

ಓರಗಿತ್ತಿಯರೆಂದರೆ ಜಗಳಕ್ಕೇ ಹುಟ್ಟಿದವರು ಎಂದು ಲೋಕ ತಿಳಿದಿದೆ. ಇವರು ಜಗಳವನ್ನೂ ಆಡಿದ್ದರು, ಒಂದೇ ತಟ್ಟೆಯಲ್ಲಿ ಉಂಡೂ ಇದ್ದರು. ಎರಡು ವರ್ಷ ಮೂರು ತಿಂಗಳ ಹಿಂದೆ ಕಾಶೀಬಾಯಿ ಎದೆನೋವೆಂದು ಆಸ್ಪತ್ರೆಗೆ ಹೊರಟಳು. ಊರುಗೋಲು ಬೇಡ, ಗಾಡಿಯಲ್ಲೇ ತಾನೇ ಹೋಗುವುದು ಎಂದು ಮೂಲೆಗಿಟ್ಟಳು. ಹೊಸ್ತಿಲಲ್ಲಿ ನಿಂತು, "ಬರ್ತೀನಿ ಗುರೂ," ಅಂದಳು. ಮೂರನೆಯ ದಿನ ಆಸ್ಪತ್ರೆಯಲ್ಲೇ ತೀರಿಕೊಂಡಳು.

'ಬರ್ತೀನಿ' ಎಂದದ್ದನ್ನು ಯಂತ್ರ ಗುರುತು ಹಾಕಿಕೊಂಡಿತ್ತು. ಕಾಶೀಬಾಯಿ ಮಠದ ಭಜನೆ ಮುಗಿಸಿ ಮನೆಗೆ ಬರುತ್ತಿದ್ದದ್ದು ಸಂಜೆ ಆರೂವರೆಗೆ. ಅವಳಿಗೆ ತಂಪು ಆಗುತ್ತಿರಲಿಲ್ಲ, ಮಂಡಿ ಹಿಡಿಯುತ್ತಿತ್ತು. ಹಾಗಾಗಿ ಯಂತ್ರ ದಿನಾ ಮೂರೂವರೆಗೆ ಗಾಳಿಬಾಗಿಲು ತೆರೆದು, ಇಪ್ಪತ್ತೊಂಬತ್ತು ಡಿಗ್ರಿಗೆ ಕೋಣೆಯನ್ನು ಹದಮಾಡಿ, ರಾತ್ರಿ ಒಂಬತ್ತರ ತನಕ ಕಾದು, ಮುಚ್ಚಿಕೊಳ್ಳುತ್ತಿತ್ತು. ಮರುದಿನ ಮತ್ತೆ.

"ಅವರು ತೀರಿಕೊಂಡ ಮೇಲೆ ಈ ಮನೇಲಿ ಕೂತು ಯಾರಿಗೂ ಅದನ್ನ ಹೇಳಲಿಲ್ವಾ ನೀವು?" ಎಂದು ಕೇಳಿದ ಚೆಲುವರಾಜು.

"ಊರಿಗೆಲ್ಲ ಹೇಳೀನ್ರಿ. ಇಲ್ಲೇ ಕುಂತು ಫೋನ್ ಹಚ್ಚೀನಿ. ಅಕ್ಕ ಹೋದ್ಳು ಅಂದೀನಿ. ಮಾತಾಡ್ಸಾಕ ಬಂದೋರೂ ಅದನ್ನೇ ಅಂದ್ರು. ಶಿವನ ಪಾದ ಸೇರಿದ್ಳು ಅಂದ್ರು."

ಅವನು ಪಟ್ಟಿಯನ್ನು ಓದಿ ಹೇಳಿದ. 'ಕಾಶೀಬಾಯಿ. ಹೋಗಿದ್ದಾರೆ. ಸ್ಥಳ, ಶಿವನ ಪಾದ. ಬರುತ್ತಾರೆ.'

ಗುರುಬಾಯಿಗೆ ತಡೆಯಲಾರದಷ್ಟು ನಗು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. "ಅಷ್ಟು ದೂರ ಹೋದಾಕಿ ಬರಾಕ ತಡ ಆಗ್ತದ ಅಂತ ತಿಳಕೊಂಡದ ನೋಡ್ರಿ ಪಾಪ," ಅಂದಳು. ನಗುತ್ತಲೇ ಕಣ್ಣು ಒರೆಸಿಕೊಂಡಳು.

ಚೆಲುವರಾಜುವಿಗೆ ನಗು ಬರಲಿಲ್ಲ. ಈ ತಪ್ಪು ಅವನದೇ. ಯಂತ್ರಕ್ಕೆ ಕನ್ನಡ ಕಲಿಸುವಾಗ ಒಂದೊಂದೇ ಮಾತಿನ ಎದುರು ಅರ್ಥ ಬರೆದು ಗುರುತು ಹಾಕಿದವರಲ್ಲಿ ಅವನೂ ಒಬ್ಬ. 'ಬರ್ತೀನಿ' ಎಂದರೆ ಬರುತ್ತಾರೆ. 'ಹೋದರು' ಎಂದರೆ ಹೋಗಿದ್ದಾರೆ. ಹೊರಡುವವರು ಬರ್ತೀನಿ ಅನ್ನುತ್ತಾರೆ, ಸತ್ತವರನ್ನು ಹೋದರು ಅನ್ನುತ್ತಾರೆ ಎಂಬುದು ಹುಟ್ಟಿದಾಗಿನಿಂದ ಗೊತ್ತಿದ್ದರೂ, ಆ ಹೊತ್ತಿಗೆ ಹೊಳೆದಿರಲಿಲ್ಲ. ಪರೀಕ್ಷೆಗೆಂದು ಆರಿಸಿದ ಮನೆಗಳೆಲ್ಲ ತುಂಬಿದ ಮನೆಗಳು. ಬೆಳಗ್ಗೆ ಬರ್ತೀನಿ ಅಂದವರು ಸಂಜೆಗೆ ಬಂದೇ ಬರುತ್ತಿದ್ದರು. ತಪ್ಪು ಬಯಲಾಗಲು ಒಬ್ಬಂಟಿ ಮನೆಯೇ ಬೇಕಾಯಿತು.

"ಇದನ್ನ ಇಲ್ಲೇ ಅಳಿಸಿಬಿಡ್ರಿ ಅಂದ್ರ ನಿಮ್ಮ ಕೈಲಿ ಆಗ್ತದೇನ್ರಿ?"

"ಇಲ್ಲಮ್ಮ. ಯಾರ ಮನೆಗೆ ಯಾರು ಬರಬೇಕು, ಬರಬಾರದು ಅಂತ ಹೊರಗಿನವರು ತೀರ್ಮಾನ ಮಾಡೋ ಹಾಗಿರಬಾರದು ಅಂತ ನಾನೇ ಹಟ ಹಿಡಿದು ಬೀಗ ಹಾಕಿಸಿದ್ದೆ. ಮನೆಯವರೇ ಬಾಯಿಬಿಟ್ಟು ಹೇಳಬೇಕು."

"ಏನಂತ?"

ಅವನು ತಲೆ ತಗ್ಗಿಸಿದ. "ಇನ್ನು ಬರೋದಿಲ್ಲ ಅಂತ."

ಗುರುಬಾಯಿ ಎದ್ದು ಅಡುಗೆಮನೆಗೆ ಹೋಗಿ ಚಹಾ ಮಾಡಿಕೊಂಡು ಬಂದಳು. ಅವನಿಗೆ ಕೊಟ್ಟಳು, ತಾನೂ ಕುಡಿದಳು. ತಲೆಯ ಮೇಲೆ ಗಾಳಿ ಬರುತ್ತಲೇ ಇತ್ತು.

"ನನಗೂ ಅಷ್ಟು ತಿಳೀತದ್ರಿ," ಅಂದಳು ಕೊನೆಗೆ. "ಅಕ್ಕ ಬಂದಾಳ ಅಂತ ನಾ ಇಲ್ಲಿ ಕುಂದ್ರತಿದ್ದಿಲ್ಲ. ಮೂರೂವರಿಗೆ ಟಕ್ ಅಂತಿತ್ತು. ಈ ಮನ್ಯಾಗ ನಾ ಮಾಡದ ಸಪ್ಪಳ ಅದೊಂದೇ ಇತ್ತು. ಅದಕ ಬಂದು ಕುಂದ್ರತಿದ್ದೆ."

ಆಮೇಲೆ ಕೇಳಿದಳು, "ಕಡೀ ಮನಿ ಅಂದ್ರ ಹುಸೇನಬೀದು. ಆಕಿ ಗಂಡ ಹಾಸಿಗಿ ಹಿಡದಾನ. ಎಷ್ಟು ಅದ ಅಲ್ಲಿ ಬಿಸಿ?"

"ಮಧ್ಯಾಹ್ನ ಮೂವತ್ತಾರು."

ಗುರುಬಾಯಿ ಲೋಟ ಕೆಳಗಿಟ್ಟಳು. ಗಾಳಿಬಾಗಿಲಿನ ಕಡೆ ಮುಖ ಎತ್ತಿದಳು. ಎರಡು ವರ್ಷದಲ್ಲಿ ಒಮ್ಮೆಯೂ ಬಾಯಿಗೆ ಬರದಿದ್ದ ಮಾತು. ನೆರೆಮನೆಯವರಿಗೆ ಹೇಳುವ ದನಿಯಲ್ಲಿ ಅಂದಳು, "ಕಾಶೀಬಾಯಿ ಇನ್ನ ಬರಾಂಗಿಲ್ಲ."

ಟಕ್. ಗಾಳಿಬಾಗಿಲು ಮುಚ್ಚಿಕೊಂಡಿತು. ಮನೆಯಲ್ಲಿ ಸದ್ದೇ ಇಲ್ಲದಂತಾಯಿತು. ಆಸ್ಪತ್ರೆಯಿಂದ ಫೋನು ಬಂದ ದಿನಕ್ಕಿಂತಲೂ ಹೆಚ್ಚು ದುಃಖ ಈಗ ಆಯಿತು ಗುರುಬಾಯಿಗೆ. ಅಂದು ಓಡಾಟವಿತ್ತು, ಜನರಿದ್ದರು. ಇಂದು ಮೊರ ಮಾತ್ರ ಇತ್ತು. ಅವಳು ಅದನ್ನು ಎಳೆದುಕೊಂಡು ಕಲ್ಲು ಆರಿಸತೊಡಗಿದಳು.

ಚೆಲುವರಾಜು ಸಾಮಾನು ಕಟ್ಟಿಕೊಂಡ. ಚಪ್ಪಲಿ ಮೆಟ್ಟಿ ಹೊಸ್ತಿಲಲ್ಲಿ ನಿಂತ. ಏನೂ ಹೇಳದೆ ಹೊರಟರೆ ಕಳ್ಳನ ಹಾಗೆ. 'ಹೋಗ್ತೀನಿ' ಎನ್ನೋಣವೆಂದರೆ, ಇನ್ನೊಬ್ಬರ ಹೊಸ್ತಿಲಲ್ಲಿ ನಿಂತು, ಅದರಲ್ಲೂ ಈ ಮನೆಯಲ್ಲಿ, ಹಾಗನ್ನಲು ನಾಲಿಗೆ ಏಳಲಿಲ್ಲ. ವಿಜ್ಞಾನಿಯಾದರೂ ಅವನ ಬಾಯಿ ಅವನ ತಾಯಿ ಕಲಿಸಿದ್ದು.

"ಬರ್ತೀನಮ್ಮ," ಅಂದ.

ಒಳಕೋಣೆಯಲ್ಲಿ ಟಕ್ ಎಂದಿತು. ಇಬ್ಬರೂ ತಿರುಗಿ ನೋಡಿದರು. ಅವನು ಕುಳಿತಿದ್ದ ಮಂಚದ ಮೇಲೆ ಗಾಳಿ ಇಳಿಯುತ್ತಿತ್ತು. ಒಳಕೋಣೆಯಲ್ಲಿ ಕುಳಿತು ಹೋಗುವಾಗ ಹೊತ್ತು ಹೇಳದೆ ಬರ್ತೀನಿ ಎಂದ ಹೊಸಬರಿಗೆ ಯಂತ್ರ ಆ ಕ್ಷಣದಿಂದಲೇ ಕಾಯುತ್ತದೆ.

"ತಪ್ಪಾಯ್ತು. ಇವರು ಬರೋದಿಲ್ಲ ಅಂತ ಒಂದ್ಸಲ ಹೇಳಿಬಿಡಿಮ್ಮ," ಎಂದ ಅವನು ಗಾಬರಿಯಿಂದ.

ಗುರುಬಾಯಿ ತಲೆಯಾಡಿಸಿದಳು. "ಒಂದು ದಿನಕ್ಕ ಎರಡು ಸಲ ಆ ಮಾತು ನನ್ನ ಕೈಲಿ ಆಗಾಂಗಿಲ್ರಿ. ಬೇಕಾದ್ರ ನೀವೇ ಬಂದುಬಿಡ್ರಿ."

ಅವನಿಗೆ ಅತಿಥಿಗೃಹದ ಕೋಣೆ ನೆನಪಾಯಿತು. "ಮುಂದಿನ ಗುರುವಾರ, ನಾಲ್ಕು ಗಂಟೆಗೆ ಬರ್ತೀನಿ," ಎಂದು ಗೋಡೆಗೆ ಕೇಳುವಂತೆ ಹೇಳಿದ. ಹೊತ್ತು ಗೊತ್ತಾದ್ದರಿಂದ ಗಾಳಿಬಾಗಿಲು ಸುಮ್ಮನೆ ಮುಚ್ಚಿಕೊಂಡಿತು.

ಅವನು ವರದಿ ಬರೆದ. ಯಂತ್ರದ ಮಾತು ತಿದ್ದಲು ಮೂರು ತಿಂಗಳು ಬೇಕೆಂದು ಸಂಸ್ಥೆ ಹೇಳಿತು. ಅಲ್ಲಿಯವರೆಗೆ ಹೊರಡುವಾಗ ಎಲ್ಲರೂ 'ಹೋಗ್ತೀನಿ' ಎನ್ನತಕ್ಕದ್ದು ಎಂದು ಸಂಘ ಮನೆಮನೆಗೆ ಚೀಟಿ ಅಂಟಿಸಿತು. ಯಾರೂ ಅನ್ನಲಿಲ್ಲ. ಚೀಟಿ ಅಂಟಿಸಲು ಬಂದವನೇ ಪ್ರತಿ ಬಾಗಿಲಲ್ಲೂ 'ಬರ್ತೀನ್ರಿ' ಎಂದು ಹೇಳಿ ಹೋಗಿದ್ದ. ಬೇರೆ ದಾರಿ ಕಾಣದೆ ಜನ ವಾರ, ಹೊತ್ತು ಸೇರಿಸಿ ಹೇಳತೊಡಗಿದರು. ಹೇಳಿದ ಮೇಲೆ ಬಾರದಿದ್ದರೆ ಸಿದ್ಧವಾದ ಗಾಳಿ ಹಾಳು, ಕೊನೆಯ ಮನೆಯಲ್ಲಿ ಬಿಸಿ. ಹುಸೇನಬಿಯ ಮುಖ ನೋಡುವುದು ಹೇಗೆ? ಹಾಗಾಗಿ ಸುಮ್ಮನೆ ಬಾಯಿಮಾತಿಗೆ ಅಂದವರೂ ಬರಲೇಬೇಕಾಯಿತು.

ನೋಟಿಸಿಗೆ ಕಾರಣಳಾದೆನೆಂದು ನೊಂದುಕೊಂಡು ಒಂದು ದಿನ ಹುಸೇನಬಿಯೇ ಗುರುಬಾಯಿಯ ಮನೆಗೆ ಬಂದಳು. ಹೊರಡುವಾಗ, "ಸೋಮವಾರ ಐದಕ್ಕ ಬರ್ತೀನಿ ಅಕ್ಕಾ," ಅಂದಳು, ಬಂದಳು. ಮೂರು ತಿಂಗಳಿಗೆ ತಿದ್ದಿದ ಯಂತ್ರ ಸಿದ್ಧವಾಯಿತು. ಹಾಕಿಸಬೇಕೋ ಬೇಡವೋ ಎಂದು ಸಂಘದ ಸಭೆಯಲ್ಲಿ ಕೇಳಿದಾಗ ಬೇಕು ಎಂದು ಕೈಯೆತ್ತಿದವರು ಇಬ್ಬರೇ, ಅವರೂ ಅಕ್ಕಪಕ್ಕ ನೋಡಿ ಇಳಿಸಿದರು.

ಈಗ ಪ್ರತಿ ಗುರುವಾರ ಮಧ್ಯಾಹ್ನ ಒಂದು ಗಂಟೆಗೆ ಒಳಕೋಣೆಯಲ್ಲಿ ಟಕ್ ಎನ್ನುತ್ತದೆ. ಚೆಲುವರಾಜುವಿಗೆ ಇಪ್ಪತ್ತೈದು ಡಿಗ್ರಿ ಹಿಡಿಸುತ್ತದೆಂದು ಯಂತ್ರ ಕಲಿತಿದೆ. ಗುರುಬಾಯಿಗೆ ಆ ಗಾಳಿ ಸ್ವಲ್ಪ ತಣ್ಣಗೆ. ಅವಳು ಕಾಶಕ್ಕನ ಕೌದಿ ಹೊದ್ದುಕೊಂಡು, ಅದರ ಕೆಳಗೇ ಮೊರ ಹಿಡಿದು ಕುಳಿತುಕೊಳ್ಳುತ್ತಾಳೆ. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಎದ್ದು, ಎರಡು ಲೋಟ ಚಹಾಕ್ಕೆ ನೀರಿಡುತ್ತಾಳೆ.