ಎರಡನೇ ಗುಂಡಿ

ಕೊಟ್ಟೂರು ಸ್ಟೇಷನ್ನಿಗೆ ಪ್ಯಾಸೆಂಜರ್ ರೈಲು ಬರುವುದು ನಿಂತು ಎಷ್ಟೋ ವರ್ಷವಾಗಿತ್ತು. ಆದರೂ ಅಂಜಿನಿ ದಿನಾ ಸಂಜೆ ಎದುರಿನ ಮನೆಯಿಂದ ಕೈಹೊಲಿಗೆ ಹಿಡಿದು ಬಂದು ಅಲ್ಲಿನ ಕಲ್ಲುಬೆಂಚಿನ ಮೇಲೆ ಕೂಡುತ್ತಿದ್ದಳು. ಅಜ್ಜಿ ಬಸಲಿಂಗಮ್ಮ ಕಥೆ ಹೇಳುತ್ತಿದ್ದ ಜಾಗ ಅದು. ಅಜ್ಜಿ ತೀರಿಕೊಂಡ ಮೇಲೆ ಇಡೀ ದಿನಕ್ಕೆ, ಬಟ್ಟೆ ಹೊಲಿಸಲು ಬಂದವರೊಡನೆ ಅವಳಾಡುವ ಮಾತು, "ತೋಳು ಎಷ್ಟುದ್ದ ಇಡ್ಲಿ?" ಅಷ್ಟೇ.

ಇವತ್ತು ಹಳೇ ತೂಕದ ಯಂತ್ರದ ಹಿಂದೆ ಒಬ್ಬ ಮೊಣಕಾಲೂರಿ ತಡಕಾಡುತ್ತಿದ್ದ. ಕೈಯಲ್ಲಿ ಮೊಬೈಲಿಗಿಂತ ದಪ್ಪನೆಯ ಮಿಷನ್ನು.

"ಏನ್ ಹುಡುಕಾಕತ್ತೀರಿ?"

"ಒಂದ್ ಸ್ಟೀಲ್ ಡಬ್ಬಿ ಕಣ್ರಿ. ಜಿಯೋಕ್ಯಾಶಿಂಗ್ ಅಂತ ಆಟ. ಒಬ್ರು ಡಬ್ಬಿ ಬಚ್ಚಿಟ್ಟು ಜಾಗದ ಗುರುತು ಇಂಟರ್‌ನೆಟ್ಟಿಗೆ ಹಾಕೋದು, ಇನ್ನೊಬ್ರು ಈ ಜಿಪಿಎಸ್ ಹಿಡಿದು ಹುಡುಕೋದು. ಸಿಕ್ರೆ ಒಳಗಿನ ಬುಕ್ಕಿನಾಗೆ ಹೆಸರು ಬರೀಬೇಕು. ಏನಾರ ತಗೊಂಡ್ರೆ ಬದಲಿ ಏನಾರ ಇಡಬೇಕು. ಡಬ್ಬಿ ಇದ್ದಲ್ಲೇ ಇಡಬೇಕು."

"ಮಿಷನ್ನು ತಪ್ಪು ತೋರಿಸ್ತೈತೇನೋ."

"ಮಿಷನ್ ಬಿಡ್ರಿ, ಇಟ್ಟವ್ನೇ ನಾನು."

ಅದು ಅವಳಿಗೆ ಆಗಲೇ ಗೊತ್ತಾಗಿತ್ತು. ಅವನ ಬಿಳಿ ಅಂಗಿಗೆ ಎಲ್ಲಾ ಬಿಳಿ ಗುಂಡಿ, ಎರಡನೆಯದು ಮಾತ್ರ ಹಸಿರು.

ಎಂಟು ತಿಂಗಳ ಹಿಂದೆ ಉರುಳಿಹೋದ ದಾರದ ರೀಲು ಹುಡುಕುವಾಗ ಅವಳಿಗೆ ಆ ಡಬ್ಬಿ ಸಿಕ್ಕಿತ್ತು. ಮಾತನ್ನೆಲ್ಲ ಡಬ್ಬಿಯಲ್ಲಿ ಬಚ್ಚಿಟ್ಟು ಮೂಕಿಯಾಗಿದ್ದ ರಾಜಕುಮಾರಿಯ ಕಥೆಯನ್ನು ಅಜ್ಜಿ ಹೇಳಿದ್ದಳಲ್ಲ, ಅದೇ ಡಬ್ಬಿ ಅನ್ನಿಸಿತ್ತು. ಒಳಗಿದ್ದ ನೀಲಿ ಗೋಲಿ ತಗೊಂಡು, ಸುಮ್ಮನೆ ತಗೊಳ್ಳಬಾರದೆಂದು ಹಸಿರು ಗುಂಡಿಯೊಂದನ್ನು ಇಟ್ಟಿದ್ದಳು. ಆಮೇಲೆ ತಿಂಗಳಿಗೊಂದು ಗುಂಡಿ.

ಹೊಲಿಗೆ ಚೀಲದಿಂದ ಅವಳು ಡಬ್ಬಿ ತೆಗೆದಳು.

"ನಿಮ್ಮತ್ರ ಐತಾ! ಯಾಕ್ರಿ ಒಯ್ದ್ರಿ?"

"ಯಾರೂ ಹೆಸರು ಬರಿಯಲ್ಲ, ಮುಂದಿನ ಸಲ ಡಬ್ಬಿ ತೆಗೀತೀನಿ ಅಂತ ಬುಕ್ಕಿನಾಗ ಬರೆದಿದ್ರಲ್ಲ." ಅವಳ ದನಿ ಇಳಿಯಿತು. "ಡಬ್ಬಿ ಸಿಗಲಿಲ್ಲಂದ್ರ ಕೇಳಾಕಾದ್ರೂ ನಿಲ್ತೀರಿ ಅನ್ಕೊಂಡೆ."

ಅವನು ಡಬ್ಬಿ ತಗೊಂಡು ಮುಚ್ಚಳ ತೆಗೆದ. ಅವಳು ತುಂಟ ಕಣ್ಣಲ್ಲಿ ಕೆಣಕಿದಳು. "ಶ್ರೀನಾಥ, ಫಿರೋಜ್, ಗೀತಮ್ಮ, ಎಲ್ಲಾರೂ ಬಂದು ಹೋಗ್ಯಾರಲ್ರಿ ಬುಕ್ಕಿನಾಗ? ಪಾಪ, ಮೂವರದೂ ಒಂದೇ ಸೊಟ್ಟ ಅಕ್ಷರ."

ಅವನ ಕಿವಿ ಕೆಂಪಾಯಿತು. "ಈ ಕಡಿ ಈ ಆಟ ಆಡೋನು ನಾನೊಬ್ನೇ. ಖಾಲಿ ಬುಕ್ಕು ನೋಡಾಕ ಆಗ್ಲಿಲ್ಲ."

ಅಂಜಿನಿಯ ನಗು ನಿಂತಿತು. ಇಲ್ಲದ ಅಜ್ಜಿಯ ತಟ್ಟೆಯನ್ನು ಅವಳೂ ದಿನಾ ತೊಳೆದು ಇಡುತ್ತಿದ್ದಳು.

"ನೀವ್ಯಾಕ ಹೆಸರು ಬರೀಲಿಲ್ಲ?" ಅಂದ ಅವನು.

"ಬರೆದ್ರ ಯಾರಂತ ಗೊತ್ತಾಗತಿತ್ತಲ್ಲ."

"ಗೊತ್ತಾಗ್ಲಿ ಅಂತಾನೇ ನಾನು ಗುಂಡಿ ಹಚ್ಕೊಂಡಿದ್ದು."

ಗುಂಡಿ ಸಡಿಲವಾಗಿ ಜೋತಾಡುತ್ತಿತ್ತು. "ಹೊಲಿಯಾಕ ಬರಲ್ಲ ನಿಮಗ," ಎಂದು ಸೂಜಿ ತೆಗೆದು ನಿಂತಲ್ಲೇ ಬಿಗಿ ಮಾಡಿದಳು. ದಾರವನ್ನು ಹಲ್ಲಲ್ಲಿ ಕಚ್ಚಲು ಬಗ್ಗಿದವಳು ಅಷ್ಟರಲ್ಲೇ ನಾಚಿ ಕತ್ತರಿ ಹುಡುಕಿದಳು.

"ನಾಳಿಂದ ಸರ್ವೆ ಕೆಲಸ ಹರಪನಹಳ್ಳಿ ಆಚಿಗೆ," ಅಂದ. "ಮತ್ತೆ ಯಾವಾಗ ರಜೆ ಸಿಗ್ತದೋ."

"ಡಬ್ಬಿ ಒಯ್ತೀರೇನು?"

ಅವನು ಬುಕ್ಕಿನಲ್ಲಿ ಏನೋ ಬರೆದು, ಮುಚ್ಚಳ ಹಾಕಿ, ಅವಳ ಕೈಗೇ ಕೊಟ್ಟ. "ನಾನು ಹೋದ ಮ್ಯಾಲೆ ಓದ್ರಿ."

ಬಸ್ಸಿನ ಹಾರ್ನು ದೂರವಾದ ಮೇಲೆ ಪ್ಲಾಟ್‌ಫಾರಂ ಎಂದಿನಂತೆ ಬರಿದಾಯಿತು. ಅವಳು ಪುಟ ತೆರೆದಳು. ಅದೇ ಸೊಟ್ಟ ಅಕ್ಷರ, ಹೊಸ ಹೆಸರು:

"ಮೈಲಪ್ಪ. ಈ ಸಲ ನಾನೇ ಬಂದಿದ್ದೆ."

ಅಂಜಿನಿ ಬಹಳ ಹೊತ್ತು ಪೆನ್ಸಿಲ್ ಹಿಡಿದು ಕೂತಳು. ಆಮೇಲೆ ಕೆಳಗೆ ಬರೆದಳು: "ಅಂಜಿನಿ. ನಾನು ಇಲ್ಲೇ ಅದೀನಿ."

ಒಂದು ಹಸಿರು ಗುಂಡಿ ಹಾಕಿ, ಡಬ್ಬಿಯನ್ನು ಇದ್ದಲ್ಲೇ ಇಟ್ಟಳು.