ಗುರುವಾರದ ಗಿರಾಕಿ

ಧಡಾರ್!

ಪಕ್ಕದ ಅಂಗಡಿಯ ಶಟರ್ ಕೆಳಗೆ ಬಿದ್ದ ಸದ್ದು, ಅಷ್ಟೇ. ಆದರೆ ಮೆಡಿಕಲ್ ಶಾಪಿನ ಮೆಟ್ಟಿಲಲ್ಲಿ ಔಷಧಿ ಪೆಟ್ಟಿಗೆ ಇಳಿಸಿಕೊಳ್ಳುತ್ತಿದ್ದ ವಿನಯಾ, ಏನಾಯಿತೆಂದು ತಿಳಿಯುವ ಮೊದಲೇ ನೆಲದ ಮೇಲಿದ್ದಳು! ತಲೆಗೆ ಪೆಟ್ಟಾಗದಂತೆ ಒಂದು ಬಲವಾದ ಕೈ ಅಡ್ಡ ಬಂದಿತ್ತು. ಹಿಂದೆಂದೂ ಕಂಡಿರದ ಗಂಡಸೊಬ್ಬ ಅವಳನ್ನು ಪೆಟ್ಟಿಗೆಗಳ ಮರೆಗೆ ಎಳೆದುಕೊಂಡು ರಸ್ತೆಯನ್ನೇ ದಿಟ್ಟಿಸುತ್ತಿದ್ದ.

ಅವನ ಎದೆ ಬಡಿತ ಅವಳಿಗೂ ಕೇಳಿಸುತ್ತಿತ್ತು.

'ಯಾರಿವನು? ಕೂಗಲಾ?'

ಅವನ ಕಣ್ಣು ನೋಡಿದ ಮೇಲೆ ಅವಳು ಕೂಗಲಿಲ್ಲ. ಅಷ್ಟು ದೊಡ್ಡ ಆಳಿನ ಕಣ್ಣಲ್ಲಿ ಅಷ್ಟೊಂದು ಹೆದರಿಕೆ!

ಬೈಂದೂರಿನ ಬಸ್ ಸ್ಟ್ಯಾಂಡ್ ಎದುರು ಜನ ಸೇರಲು ಎಷ್ಟು ಹೊತ್ತು ಬೇಕು?

"ಹ್ವಾಯ್, ಎಂತ ಆಯ್ತ್?" ಹೋಟೆಲಿನವರು ಓಡಿ ಬಂದರು.

ಅವನ ಮುಖ ಅವಮಾನದಿಂದ ಕಪ್ಪಿಟ್ಟಿತು.

"ಎಂತ ಇಲ್ಲೆ ಮಾರಾಯ್ರೆ! ನನ್ ಕಾಲ್ ಜಾರ್ತ್. ಇವ್ರ್ ಹಿಡ್ಕಂಡ್ರ್, ಇಲ್ದಿರೆ ಸೊಂಟ ಮುರೀತಿತ್ತ್," ಎಂದಳು ವಿನಯಾ.

ಸುಳ್ಳು ಅಷ್ಟು ಸಲೀಸಾಗಿ ಬಂದದ್ದು ಅವಳಿಗೇ ಆಶ್ಚರ್ಯ.

ಜನ ಚದುರಿದ ಮೇಲೆ ಅವನು ಒಂದು ಚೀಟಿ ಮುಂದೆ ಮಾಡಿದ. ಮಿಲಿಟರಿ ಆಸ್ಪತ್ರೆಯ ಚೀಟಿ. ಹೆಸರು ರತೀಶ್, ಊರು ಬೀಜಾಡಿ. ಮಾತ್ರೆಗಳ ಹೆಸರು ಓದಿದ ಕೂಡಲೇ, ಶಟರಿನ ಸದ್ದಿಗೆ ಅವನು ಹಾಗೇಕೆ ಮಾಡಿದ ಎಂಬುದು ಫಾರ್ಮಸಿ ಓದಿದ ವಿನಯಾಗೆ ಅರ್ಥವಾಯಿತು. ಯುದ್ಧಭೂಮಿ ಬಿಟ್ಟು ಬಂದರೂ ಅದು ಇವನನ್ನು ಬಿಟ್ಟಿರಲಿಲ್ಲ.

"ಇದನ್ನ್ ತರ್ಸಿ ಕೊಡ್ಕ್. ಗುರುವಾರ ಬನ್ನಿ."

"ಬತ್ತೆ," ಎಂದವನು ಮೆಟ್ಟಿಲಿಳಿಯುತ್ತಾ ನಿಂತ. "ಮತ್ತೆ... ಆ ಸುಳ್ಳಿಗೆ ಥ್ಯಾಂಕ್ಸ್."

ಅವತ್ತಿನಿಂದ ವಿನಯಾಳ ತಲೆಯಲ್ಲಿ ಹುಳ ಹೊಕ್ಕಿತು.

ಬೀಜಾಡಿಯಿಂದ ಇಲ್ಲಿಗೆ ಬರಬೇಕಾದರೆ ಕೋಟೇಶ್ವರ, ಕುಂದಾಪುರ, ಹೆಮ್ಮಾಡಿ ಎಲ್ಲ ದಾಟಬೇಕು. ದಾರಿಯುದ್ದಕ್ಕೂ ಮೆಡಿಕಲ್ ಶಾಪ್! ಅವನ್ನೆಲ್ಲ ಬಿಟ್ಟು ಇಲ್ಲಿಗೇ ಯಾಕೆ? ಅದೂ ಪ್ರತಿ ಗುರುವಾರ, ವಾರಕ್ಕಾಗುವಷ್ಟೇ ಮಾತ್ರೆಗೆ? ಮಾತ್ರೆ ಕಿಸೆಗೆ ಹಾಕಿದವನು ರೈಲ್ವೆ ಸ್ಟೇಷನ್ ಕಡೆ ನಡೆಯುತ್ತಾನೆ. ಆದರೆ ಬರುವುದು ಬಸ್ಸಲ್ಲಿ, ವಾಪಸ್ ಹೋಗುವುದೂ ಬಸ್ಸಲ್ಲಿ!

ಕುತೂಹಲಕ್ಕೆ ಮಾತ್ರೆಯನ್ನು ಯಾವ ಕಂಪನಿಯೂ ಇನ್ನೂ ತಯಾರಿಸಿಲ್ಲ. ಒಂದು ಗುರುವಾರ ಅವಳು ಊಟದ ನೆಪ ಹೇಳಿ ಅವನ ಹಿಂದೆಯೇ ಹೊರಟಳು.

ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕುಳಿತು ಅವನು ಫೋನಿನಲ್ಲಿ ಮಾತಾಡುತ್ತಿದ್ದ.

"ಜೀ ಮೇಡಂ... ನಹೀಂ ಮೇಡಂ..."

ಮಾತಾಡುತ್ತಾ ನಗುತ್ತಿದ್ದ! ತನ್ನೆದುರು ಒಂದು ದಿನವೂ ನಗದವನು!

'ಓಹೋ... ಯಾವಳೋ ಇದ್ದಾಳೆ. ಅವಳ ಜೊತೆ ಮಾತಾಡಲು ಇಷ್ಟು ದೂರ!'

ತನಗೇಕೆ ಹೊಟ್ಟೆಯುರಿ ಎಂದು ಅವಳಿಗೆ ತಿಳಿಯಲಿಲ್ಲ. ಅಥವಾ ತಿಳಿದಿತ್ತೋ ಏನೋ! ಸದ್ದಿಲ್ಲದೆ ತಿರುಗಬೇಕೆನ್ನುವಷ್ಟರಲ್ಲಿ ಚಪ್ಪಲಿ ಸದ್ದಾಯಿತು.

"ನನ್ನ ಹಿಂದೆ ಬಂದ್ರ್ಯಾ?" ಅವನು ಫೋನ್ ಇಟ್ಟು ಕೇಳಿದ.

"ಹೌದ್. ಯಾರ್ ಆ ಮೇಡಂ?" ಕೇಳಿಬಿಟ್ಟು ನಾಲಿಗೆ ಕಚ್ಚಿಕೊಂಡಳು.

"ಆಸ್ಪತ್ರೆಯ ಕೌನ್ಸೆಲರ್. ಮೊಮ್ಮಕ್ಕಳಿದ್ದ್ರ್ ಅವ್ರಿಗೆ!" ಅವನು ಗಟ್ಟಿಯಾಗಿ ನಕ್ಕ. "ಡಿಸ್ಚಾರ್ಜ್ ಆದ್ ಮೇಲೆ ಪ್ರತಿ ಗುರುವಾರ ಫೋನ್ ಮಾಡ್ತ್ರ್. ನಿದ್ದೆ ಬಂತಾ, ಮಾತ್ರೆ ತಕಂಡ್ಯಾ ಅಂತ ಕೇಂತ್ರ್. ಮನೆಲ್ ಮಾತಾಡುಕ್ ಆತಿಲ್ಲೆ. ಊರಿಗೆಲ್ಲ ನಂದ್ ಬೆನ್ನ್ ನೋವ್. ನಿಜ ಗೊತ್ತಾರೆ ಹುಚ್ಚ ಅಂಬ್ರ್."

ಅದಕ್ಕೇ ಬೈಂದೂರು. ಇಲ್ಲಿ ಅವನನ್ನು ಬಲ್ಲವರಿಲ್ಲ.

"ಮಾತ್ರೆ ಬಿಡುಕಾಗ, ಹಾಂ? ಒಮ್ಮೆಲೇ ಬಿಟ್ರೆ ಮತ್ತೆ ಆಸ್ಪತ್ರೆಯೇ," ಎಂದಳು.

"ಗೊತ್ತಿತ್ತ್. ಮಾತ್ರೆಯೊಂದ್, ಹಗ್ಗವೊಂದ್, ಎರಡೇ ನನ್ನ್ ಹಿಡ್ಕಂಡದ್."

"ಹಗ್ಗವಾ?"

"ಕೈರಂಪಣಿ. ದಡದಲ್ ನಿಂತ್ ಬಲೆ ಎಳೂದ್. ಬೇರೆ ಎಲ್ಲೇ ನಿಂತ್ರೂ ಬೆನ್ನ್ ಹಿಂದೆ ಯಾರಿದ್ದ್ರ್ ಅಂತ ಕಾಂತಾ ಇರ್ತೆ. ಹಗ್ಗ ಹಿಡ್ದಾಗ ಮಾತ್ರ ಬ್ಯಾಡ. ಹಿಂದಿಪ್ಪುದ್ ನಮ್ಮೋರೇ. ಮತ್ತೆ, ಹಗ್ಗ ಹಿಡ್ದೋರಿಗೆಲ್ಲ ಮೀನಲ್ ಪಾಲ್ ಇತ್ತ್!" ಅವನು ಫೋನನ್ನು ಕಿಸೆಗೆ ಹಾಕಿದ. "ಒಬ್ರಿಗಾರೂ ನಿಜ ಹೇಳಿ ಅಂತ ಮೇಡಂ ಹೇಳಿದ್ರ್."

"ಹೇಳಿದ್ರ್ಯಾ?"

"ಈಗ ಹೇಳ್ದೆ ಅಲ್ದಾ?"

ವಿನಯಾಳ ಕಣ್ಣು ತುಂಬಿತು. ಇಷ್ಟು ದೊಡ್ಡ ನಂಬಿಕೆಯನ್ನು ಯಾರೂ ಅವಳ ಕೈಯಲ್ಲಿಟ್ಟಿರಲಿಲ್ಲ.

ಮುಂದಿನ ಗುರುವಾರ ಅವನಿಗಿಂತ ಮೊದಲು ಬಂದದ್ದು ಪುಷ್ಪಕ್ಕ. ಬೀಜಾಡಿಯವರು, ಮಗಳನ್ನು ಬೈಂದೂರಿಗೆ ಕೊಟ್ಟವರು. ನೋವಿನ ಎಣ್ಣೆ ಕೇಳಿದವರು ಕೌಂಟರಿನ ಮೇಲೆ ಬಾಗಿದರು.

"ನಮ್ಮೂರ್ ರತೀಶ, ಮಿಲಿಟ್ರಿಯಂವ, ಇಲ್ಲಿಗ್ ಬತ್ನಾ? ಕಳ್ದ ವಾರ ಕಂಡಂಗಾಯ್ತ್. ಎಂತ ಮದ್ದ್ ತಕಂತ?"

ವಿನಯಾ ಎಣ್ಣೆ ಬಾಟಲಿ ತೆಗೆದು ಕೌಂಟರಿನ ಮೇಲಿಟ್ಟಳು. 'ಇವರ ಕಿವಿಗೆ ಬಿದ್ದರೆ ಸಂಜೆಯೊಳಗೆ ಇಡೀ ಬೀಜಾಡಿಗೆ...'

"ಯಾವ ಮಿಲಿಟ್ರಿಯವ್ರೂ ನಂಗೊತ್ತಿಲ್ಲೆ ಪುಷ್ಪಕ್ಕ. ಮಿಲಿಟ್ರಿಯವ್ರ್ ಸಾವಾಸವೇ ನಂಗ್ ಬ್ಯಾಡ!"

ಬಾಗಿಲ ಕಂಬದ ಆಚೆ ಆಗಷ್ಟೇ ಬಂದು ನಿಂತಿದ್ದ ರತೀಶ್‌ಗೆ ಕೇಳಿಸಿದ್ದು ಆ ಕೊನೆಯ ಮಾತು ಮಾತ್ರ.

ಪುಷ್ಪಕ್ಕ ಹೋದ ಮೇಲೆ ವಿನಯಾ ಹೊರಗೆ ಬಂದು ನೋಡಿದರೆ ಮೆಟ್ಟಿಲ ಮೇಲೆ ಒಂದು ಪೊಟ್ಟಣ. ಒಳಗೆ ಒಣ ಸಿಗಡಿ. ಹಗ್ಗ ಎಳೆದು ಗಳಿಸಿದ ಅವನ ಪಾಲು! ಕುಂದಾಪುರದ ಬಸ್ಸು ಆಗಲೇ ಹೊರಟಿತ್ತು.

'ಅಯ್ಯೋ ದೇವರೇ... ಕೇಳಿಸಿಕೊಂಡನಾ?'

ಮುಂದಿನ ಗುರುವಾರ ಅವನು ಬರಲಿಲ್ಲ. ಚೀಟಿಯಲ್ಲಿದ್ದ ನಂಬರಿಗೆ ಮಾಡಿದ ಫೋನೂ ಎತ್ತಲಿಲ್ಲ. ಅವನಿಗೆಂದೇ ತರಿಸಿದ ಮಾತ್ರೆ ಕಪಾಟಿನಲ್ಲೇ ಉಳಿಯಿತು. ಅವನ ಗುಟ್ಟು ಕಾಯಲು ಹೋಗಿ ಅವನನ್ನೇ ಕೊಂದೆನಾ ಎಂಬ ಭಯಕ್ಕೆ ಅವಳಿಗೆ ಅನ್ನ ಸೇರಲಿಲ್ಲ. ಮರುದಿನವೇ ರಜೆ ಹಾಕಿ ಬೀಜಾಡಿಗೆ ಹೊರಟಳು.

ಕಡಲ ದಡದಲ್ಲಿ ಹಗ್ಗ ಹಿಡಿದವರ ಸಾಲು. ಎಲ್ಲರ ಹಿಂದೆ ರತೀಶ್. ಕಣ್ಣ ಕೆಳಗೆ ಕಪ್ಪು, ಗಡ್ಡ ಬೆಳೆದಿತ್ತು. ಬುಟ್ಟಿ ಹಿಡಿದು ನಿಂತವರಲ್ಲಿ ಪುಷ್ಪಕ್ಕನೂ ಇದ್ದರು!

"ಹ್ವಾಯ್, ಯಾರ್ ನೀವ್? ಯಾರ್ ಬೇಕಿತ್ತ್?" ಮುಂದಿನಿಂದ ಕೇಳಿದರು ಬಲೆಯ ಯಜಮಾನ ಬಚ್ಚಣ್ಣ.

ನಿಜ ಹೇಳಿದರೆ ಅವನ ಗುಟ್ಟು ರಟ್ಟಾಗುತ್ತದೆ. ಸುಮ್ಮನೆ ತಿರುಗಿದರೆ ಅವನೇ ಇಲ್ಲವಾಗುತ್ತಾನೆ.

ವಿನಯಾ ಚಪ್ಪಲಿ ಬಿಟ್ಟಳು. ದುಪಟ್ಟಾ ಸೊಂಟಕ್ಕೆ ಬಿಗಿದಳು.

"ಬಲೆ ಎಳೂಕ್ ಬಂದೆ!"

ಅವನ ಬೆನ್ನ ಹಿಂದೆ ನಿಂತು ಹಗ್ಗ ಹಿಡಿದಳು. ಅವನು ತಿರುಗಲಿಲ್ಲ. ದನಿಯಿಂದಲೇ ಗುರುತಿಸಿದ್ದ.

"ಮಾತ್ರೆ ಬಿಟ್ರ್ಯಾ?" ಪಿಸುಗುಟ್ಟಿದಳು.

"ನನ್ನ ಸಾವಾಸ ಬ್ಯಾಡ ಅಂದೋರಿಗೆ ಎಂತಕ್ಕದ್?"

"ಮತ್ತೆಂತ ಹೇಳ್ಕಿತ್ತ್? ಪುಷ್ಪಕ್ಕನಿಗೆ ಚೀಟಿ ತೋರ್ಸ್ಕಿತ್ತಾ? ನಿಮ್ಮನ್ನ್ ಬಿಟ್ಟ್ಕೊಡುಕ್ ನನ್ ಕೈಲ್ ಆತಿಲ್ಲೆ ಮಾರಾಯ್ರೆ!"

ಅವಳ ಸ್ವರ ಒಡೆಯಿತು. ಅವನ ಕೈ ಒಂದು ಕ್ಷಣ ಹಗ್ಗದ ಮೇಲೆ ನಿಂತಿತು. ಆಮೇಲೆ ಇಬ್ಬರೂ ಒಟ್ಟಿಗೇ ಎಳೆದರು.

ಬಲೆ ದಡಕ್ಕೆ ಬಂತು. ಬೂತಾಯಿ ಮೀನು ಮಿರಮಿರ ಮಿಂಚಿತು. ಪುಷ್ಪಕ್ಕ ಅವಳ ಮುಖವನ್ನೇ ನೋಡಿದರು.

"ಇದ್ ಬೈಂದೂರ್ ಮೆಡಿಕಲ್ಲಿನ್ ಹೆಣ್ಣಲ್ದಾ? ಇವ್ನ್ ಗೊತ್ತೇ ಇಲ್ಲೆ ಅಂದಿದ್ಯಲೆ!"

ಇನ್ನೊಂದು ಸುಳ್ಳಿಗೆ ವಿನಯಾ ಬಾಯಿ ತೆರೆದಳು. ಅಷ್ಟರಲ್ಲಿ ರತೀಶ್ ಮಾತಾಡಿದ.

"ಗೊತ್ತಿತ್ತ್ ಪುಷ್ಪಕ್ಕ. ನಾನ್ ಆಸ್ಪತ್ರೆಲಿದ್ದದ್ ಬೆನ್ನಿಗಲ್ಲ, ಮನ್ಸಿಗ್. ದೊಡ್ಡ ಸದ್ದ್ ಕೇಂಡ್ರೆ ಈಗ್ಲೂ ಹೆದ್ರಿಕೆ ಆತ್ತ್. ನನ್ ಮದ್ದ್ ಇವ್ರ ಹತ್ರ. ನನ್ ಗುಟ್ಟ್ ಕಾದದ್ದೂ ಇವ್ರೇ."

ಪುಷ್ಪಕ್ಕ ಸುಮ್ಮನಾದದ್ದನ್ನು ಬೀಜಾಡಿ ಕಂಡದ್ದು ಅದೇ ಮೊದಲು.

"ಅಷ್ಟೆಯಾ?" ಎಂದರು ಬಚ್ಚಣ್ಣ. "ನೀನ್ ಕುಡ್ತ ಶುರು ಮಾಡ್ದೆ ಅಂತ ಎಣ್ಸಿದ್ದೆ ಮಗಾ." ಮೀನಿನ ಟೆಂಪೋದವನ ಕಡೆ ತಿರುಗಿ ಗದರಿದರು. "ಹ್ವಾಯ್, ಇನ್ ಇಲ್ಲಿಗ್ ಬಪ್ಪತ್ತಿಗೆ ಹಾರ್ನ್ ಹೊಡಿಬ್ಯಾಡ, ಕೇಂತಾ?"

ರತೀಶ್‌ನ ಕಣ್ಣಿಂದ ನೀರು ಇಳಿಯಿತು. ಅವನು ಒರೆಸಿಕೊಳ್ಳಲೂ ಇಲ್ಲ. ವಿನಯಾ ಚೀಲದಿಂದ ಮಾತ್ರೆ, ನೀರಿನ ಬಾಟಲಿ ತೆಗೆದಳು. ಎಲ್ಲರ ಎದುರೇ ಅವನು ಮಾತ್ರೆ ನುಂಗಿದ.

"ಇನ್ ಮದ್ದ್ ಕೋಟೇಶ್ವರದಲ್ಲೇ ತಕಂಬುಕ್ ಆತ್ತ್," ಎಂದಳು ಮರಳು ನೋಡುತ್ತಾ. "ಬೈಂದೂರಿಗ್ ಬಪ್ಪ ಕೆಲ್ಸ ಇಲ್ಲೆ."

"ಗುರುವಾರ ಬತ್ತೆ."

"ಎಂತಕ್?"

"ನಿಮ್ಮನ್ನ್ ಕಾಂಬುಕೆ, ವಿನಯಾ."

ಅವನ ಬಾಯಲ್ಲಿ ತನ್ನ ಹೆಸರು ಮೊದಲ ಸಲ ಕೇಳಿ ಅವಳ ಕೆನ್ನೆ ಕೆಂಪಾಯಿತು.

ಬಚ್ಚಣ್ಣ ಪಾಲು ಹಾಕುತ್ತಾ ಇವರ ಎದುರು ಬಂದು ನಿಂತರು. "ಹಗ್ಗ ಹಿಡ್ದೋರಿಗ್ ಪಾಲ್ ಇತ್ತ್ ಮಗಳೇ. ನಿಂಗ್ ಬೇರೆ ಹಾಕ್ಲಾ?"

ರತೀಶ್ ಅವಳನ್ನೇ ನೋಡಿದ.

"ಬ್ಯಾಡ ಬಚ್ಚಣ್ಣ," ವಿನಯಾ ಅವನ ಬುಟ್ಟಿಯ ಒಂದು ಬದಿ ಹಿಡಿದಳು. "ಇಬ್ರಿಗೂ ಸೇರಿ ಒಂದರಲ್ಲೇ ಹಾಕಿ."

"ಯೋಚ್ನೆ ಮಾಡಿ ಹೇಳಿದ್ರ್ಯಾ?" ಅವನು ಮೆಲ್ಲಗೆ ಕೇಳಿದ.

"ಬುಟ್ಟಿ ಸರಿ ಹಿಡೀರಿ," ಎಂದಳು ಅವಳು. "ಮೀನ್ ಬಿದ್ದ್ ಹೋತ್ತ್."