ಮೊದಲನೇ ಸಾಲಿನ ಸಸಿಗಳು

"ಎಡಗೈ ಬೆನ್ನ ಹಿಂದೆ ಇಟ್ಕೊಳ್ಳಿ. ಇಲ್ಲಿ ಅದಕ್ಕೆ ಕೆಲಸ ಇಲ್ಲ."

ಆಸ್ಪತ್ರೆಯ ತಾರಸಿ ತೋಟದಲ್ಲಿ ಮಾಲಿ ಅವಳಿಗೆ ಆಡಿದ ಮೊದಲ ಮಾತು ಇದು. ಪರಿಚಯವಿಲ್ಲ, ಕುಶಲವಿಲ್ಲ... ಅವಳಿಗೆ ಮೈಯೆಲ್ಲ ಉರಿಯಿತು.

ಹದಿನೈದು ವರ್ಷ ಯಾರ ಹಂಗೂ ಇಲ್ಲದೆ ಬಟ್ಟೆ ಹೊಲಿದು ಬದುಕಿದವಳು. ಬಸ್ಸಿನ ಮೆಟ್ಟಿಲಿನಿಂದ ಬಿದ್ದು ಬಲ ಮಣಿಕಟ್ಟು ಮುರಿದಿತ್ತು. ಮೂಳೆಯೇನೋ ಕೂಡಿತು, ಬೆರಳುಗಳು ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ. ಎಂಟು ವಾರ ಮಣ್ಣಿನ ಕೆಲಸ ಮಾಡಿ ನೋಡಿ ಎಂದು ಡಾಕ್ಟರಮ್ಮ ಕಳಿಸಿದ್ದರು. ಅಷ್ಟರಲ್ಲಿ ಕೈ ಸರಿಹೋಗದಿದ್ದರೆ ಹೊಲಿಗೆ ಮಷೀನು ಯಾರಿಗಾದರೂ ಕೊಟ್ಟುಬಿಡುವುದೆಂದು ಅಕ್ಕನಿಗೆ ಹೇಳಿಟ್ಟಿದ್ದಳು.

ಮೊದಲ ದಿನ ಚೆಂಡುಹೂವಿನ ಸಸಿ ನೆಟ್ಟಳು. ಅಂಗಿಗೆ ಗುಂಡಿ ಹಾಕುವ ಅಭ್ಯಾಸ ನೋಡಿ, ನಾಲ್ಕು ನಾಲ್ಕು ಬೆರಳಿಗೊಂದು. ಗಿಡಕ್ಕೆ ಗೇಣು ಜಾಗವಾದರೂ ಬೇಕೆಂದು ಮಾಲಿ ಗದರಿದ. ಅವಳು ಕೇಳಬೇಕಲ್ಲ!

ಮರುದಿನ ನೋಡಿದರೆ ಸಾಲು ನೆಟ್ಟಗೆ ನಿಂತಿತ್ತು. ನನ್ನ ಕೈ ಇನ್ನೂ ಸತ್ತಿಲ್ಲ... ಎಷ್ಟೋ ತಿಂಗಳ ಮೇಲೆ ಅವಳು ನಕ್ಕಳು. ಖುಷಿಯಲ್ಲಿ ಬೆರಳಿಟ್ಟು ಅಳೆಯುವವರು ಯಾರು?

ವಾರಕ್ಕೊಂದು ಸಾಲು ಏರಿತು. ಅವಳ ಫ್ಲಾಸ್ಕಿನ ಟೀಯಲ್ಲಿ ಅವನಿಗೂ ಪಾಲು ಬಂತು. ಇದು ಪ್ರೀತಿ ಎಂದು ಅವರಿಬ್ಬರಿಗೂ ಗೊತ್ತಿರಲಿಲ್ಲ. ಕೆಳಗಿನ ನರ್ಸುಗಳಿಗೆಲ್ಲ ಗೊತ್ತಿತ್ತು.

ಏಳನೇ ವಾರ ಕಸ ಗುಡಿಸುವ ಅಜ್ಜಿ ಬಾಯಿಬಿಟ್ಟಳು. ಬುಡದ ಮಣ್ಣು ಸಡಿಲಾಗಿ ಮೊದಲ ದಿನದ ಸಸಿಗಳೆಲ್ಲ ಸಂಜೆಗೇ ಮಲಗಿದ್ದವಂತೆ. ಪಾಪ, ಮಾಲಿಯೇ ಕೂತು ಬೇರೆ ನೆಟ್ಟನಂತೆ.

ಅವಳು ನೇರ ಅವನ ಮುಂದೆ ನಿಂತಳು.

"ಎಲ್ಲ ನೀವೇ ನೆಟ್ಟು ನನ್ನನ್ನ ನಂಬಿಸಿದ್ರಾ? ನಿಮ್ಮ ಕನಿಕರ ಯಾರಿಗೆ ಬೇಕಿತ್ತು?"

ಅವನು ತಲೆ ತಗ್ಗಿಸಿದ. ಮನೆಗೆ ಹೋದವಳೇ ಮಷೀನು ಕೊಟ್ಟುಬಿಡು ಎಂದಳು. ಅಕ್ಕ ಎಷ್ಟು ಹೇಳಿದರೂ ಕೇಳಲಿಲ್ಲ. ಅಂದು ಮಷೀನಿಗೆ ಮುಸುಕು ಹಾಕಿ ಅತ್ತಳು.

ಮರುದಿನ, ತೋಟದಿಂದ ತಂದಿದ್ದ ಕೈಸಲಿಕೆ ಹಿಂದಿರುಗಿಸಲು ತಾರಸಿ ಹತ್ತಿದಳು. ಕಣ್ಣು ಸಾಲುಗಳ ಮೇಲೆ ಹೋಯಿತು. ಮೊದಲನೆಯದರಲ್ಲಿ ಗೇಣಿಗೊಂದು ಗಿಡ. ಎರಡನೆಯದರಲ್ಲಿ? ಬಗ್ಗಿ ಬಲಗೈ ಇಟ್ಟಳು. ನಾಲ್ಕು ಬೆರಳು. ಮೂರನೆಯದು, ನಾಲ್ಕನೆಯದು... ಏಳನೆಯದರವರೆಗೂ ನಾಲ್ಕೇ ಬೆರಳು. ಇಷ್ಟು ಒತ್ತಾಗಿ ನೆಡುವ ಮೊಂಡಿ ಊರಲ್ಲಿ ಅವಳೊಬ್ಬಳೇ. ಎಲ್ಲವೂ ಬದುಕಿದ್ದವು. ಅವಳ ಕಣ್ಣು ತುಂಬಿತು.

ಮಾಲಿ ಹಿಂದೆ ನಿಂತಿದ್ದ.

"ನಿನ್ನೆ ಯಾಕೆ ಹೇಳ್ಲಿಲ್ಲ?" ಎಂದಳು.

"ಒಂದು ಸಾಲಿನ ಸುಳ್ಳು ನಂದೇ ಅಲ್ವಾ. ಸಸಿ ಸತ್ತಿದ್ದು ನೋಡಿದ್ರೆ ನೀವು ಮತ್ತೆ ಬರಲ್ಲ ಅನ್ನಿಸ್ತು."

"ಬರದಿದ್ರೆ ನಿಮಗೇನಾಗ್ತಿತ್ತು?"

"ಆವತ್ತಾದ್ರೆ ಏನೂ ಆಗ್ತಿರ್ಲಿಲ್ಲ. ಈಗ... ನಂಗೆ ನೀವು ಬೇಕು."

ಅವನ ಅಂಗಿಯ ಎರಡನೇ ಗುಂಡಿ ಇರಲಿಲ್ಲ. ಚೀಲದಿಂದ ಸೂಜಿ, ದಾರ, ಒಂದು ಗುಂಡಿ ತೆಗೆದಳು. ದಾರ ಪೋಣಿಸಲು ಐದು ಸಲ ಬೇಕಾಯಿತು. ಅವನು ಸಹಾಯಕ್ಕೆ ಕೈ ಚಾಚಿದ.

"ಕೈ ಬೆನ್ನ ಹಿಂದೆ ಇಟ್ಕೊಳ್ಳಿ," ಎಂದಳು. "ಇಲ್ಲಿ ಅದಕ್ಕೆ ಕೆಲಸ ಇಲ್ಲ."

ಅವನು ಹಾಗೇ ನಿಂತ.

"ತುಂಬಾ ಹೊತ್ತಾಗುತ್ತೆ. ಆತುರ ಇದ್ಯಾ?"

"ಇಲ್ಲ. ನಿಧಾನಕ್ಕೆ ಹೊಲಿ."